‘ಹೇಗಿದೆಯಂತೆ ಪಿಕ್ಚರ್?’

2025ರ ಜುಲೈ 25ರ ಶುಕ್ರವಾರ ‘ಸು ಫ್ರಮ್ ಸೋ’ ತೆರೆಗೆ ಬಂದಾಗ ಗಾಂಧಿನಗರದ ಲೆಕ್ಕದಲ್ಲಿ ಅದು ಚಿಕ್ಕ ಪಿಕ್ಚರು. ಪೋಸ್ಟರಿನ ತುಂಬ ನಿಲ್ಲುವ ಹೀರೋ ಇರಲಿಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಅವರ ಹೆಸರು ಕರಾವಳಿಯವರಿಗೆ ಗೊತ್ತಿದ್ದಷ್ಟು ಘಟ್ಟದ ಮೇಲಿನವರಿಗೆ ಗೊತ್ತಿರಲಿಲ್ಲ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ತಾವೇ ಒಂದು ಪಾತ್ರದಲ್ಲಿದ್ದಾರೆ ಅನ್ನುವುದೊಂದೇ ದೂರದ ಊರಿನವರಿಗೆ ಗುರುತು. ಹುಡುಗನೊಬ್ಬ ದೆವ್ವ ಮೈಮೇಲೆ ಬಂದಂತೆ ನಟಿಸುವುದು, ಊರಿಗೆ ಊರೇ ಅದನ್ನು ನಂಬಿಬಿಡುವುದು, ಇಷ್ಟೇ ಕತೆಯ ಎಳೆ. ವ್ಯಾಪಾರದ ವರದಿಗಳ ಪ್ರಕಾರ ಮೊದಲ ದಿನದ ಗಳಿಕೆ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಶನಿವಾರ ದುಪ್ಪಟ್ಟಿಗೂ ಮೀರಿ ಏರಿತು, ಭಾನುವಾರ ಮೂರು ಕೋಟಿ ದಾಟಿತು. ಪ್ರದರ್ಶನಗಳು ಸಾಲದೆ ಬೆಳ್ಳಂಬೆಳಗ್ಗೆಯೂ ಷೋ ಹಾಕಬೇಕಾಯಿತು. ಆಗಸ್ಟ್ ಮೊದಲ ವಾರಗಳಲ್ಲಿ ಮಲಯಾಳಂ, ತೆಲುಗಿಗೆ ಡಬ್ ಆಯಿತು. ಒಟ್ಟು ಗಳಿಕೆ ನೂರು ಕೋಟಿ ದಾಟಿತೆಂದು ವರದಿಯಾಯಿತು. ಶುಕ್ರವಾರದಿಂದ ಭಾನುವಾರದೊಳಗೆ ಚಿತ್ರದಲ್ಲಿ ಒಂದು ಶಾಟ್ ಕೂಡ ಬದಲಾಗಿರಲಿಲ್ಲ. ಜಾಹೀರಾತಿನ ಹಣವೂ ರಾತ್ರೋರಾತ್ರಿ ಮೂರು ಪಟ್ಟಾಗಿರಲಾರದು. ಹೆಚ್ಚಾದದ್ದು ನೋಡಿ ಬಂದವರ ಮಾತು.

ಈ ಮಾತಿನ ಬಗ್ಗೆ ನಮ್ಮಲ್ಲಿ ಎರಡು ಬಗೆಯ ತಾತ್ಸಾರ ಇದೆ. ಚಿತ್ರರಂಗದವರಿಗೆ ಅದು ಗೆದ್ದಾಗ ‘ಅಭಿಮಾನಿ ದೇವರ ಆಶೀರ್ವಾದ’, ಸೋತಾಗ ‘ನೆಗೆಟಿವ್ ಪಬ್ಲಿಸಿಟಿ’. ವಿಮರ್ಶೆ ಓದುವ, ಬರೆಯುವ ವರ್ಗಕ್ಕೆ ಅದು ಅರೆಬೆಂದ ವಿಮರ್ಶೆ, ಕಸುಬು ಕಲಿಯದವರು ಕೊಡುವ ತೀರ್ಪು. ಇಬ್ಬರೂ ಅದನ್ನು ತೀರ್ಪು ಎಂದೇ ಹಿಡಿಯುತ್ತಾರೆ, ಎಡವುವುದೂ ಅಲ್ಲೇ. ತಿಂಗಳಿಗೊಂದೋ ಎರಡು ತಿಂಗಳಿಗೊಂದೋ ಸಿನಿಮಾ ನೋಡುವ ಸಾಮಾನ್ಯ ಪ್ರೇಕ್ಷಕ ಕೊಡುವುದು ಸಲಹೆ. ಆ ಸಲಹೆಗೆ ಎದುರಿಗೆ ಒಬ್ಬ ಕೇಳುಗ ಇರುತ್ತಾನೆ, ಅವನ ರುಚಿ, ಮನೆ, ಜೇಬು ಹೇಳುವವನಿಗೆ ಗೊತ್ತಿರುತ್ತದೆ. ತೀರ್ಪು ಎಲ್ಲರಿಗೂ ಒಂದೇ ಆಗಿರಬೇಕು, ಸಲಹೆ ಹಾಗಿರಬೇಕಿಲ್ಲ. ಈ ವ್ಯತ್ಯಾಸವನ್ನು ಒಪ್ಪಿಕೊಂಡರೆ ಕನ್ನಡ ಚಿತ್ರಗಳು ಹೇಗೆ ಓಡುತ್ತವೆ, ಯಾವುದನ್ನು ಕಂಡು ನಿರ್ಮಾಪಕರು ಹೆದರಬೇಕು, ಯಾವುದಕ್ಕೆ ಸುಮ್ಮನೆ ಹೆದರುತ್ತಿದ್ದಾರೆ ಅನ್ನುವ ಪ್ರಶ್ನೆಗಳೆಲ್ಲ ಬೇರೆ ರೀತಿ ಕಾಣುತ್ತವೆ ಎಂಬುದು ನನ್ನ ವಾದ.

ಜನ ನಿಜವಾಗಿ ಏನು ಹೇಳುತ್ತಾರೆ ಎಂದು ಗಮನಿಸಿ. ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ.’ ‘ಒಂದ್ಸಲ ನೋಡಬಹುದು.’ ‘ಮಕ್ಕಳನ್ನ ಕರ್ಕೊಂಡು ಹೋಗಬೇಡಿ.’ ‘ಅಮ್ಮನಿಗೆ ಇಷ್ಟ ಆಗುತ್ತೆ, ನಿಂಗೆ ಆಗಲ್ಲ.’ ‘ಥಿಯೇಟರಲ್ಲೇ ನೋಡು, ಸೌಂಡ್ ಬೇಕು ಅದಕ್ಕೆ.’ ‘ಒಟಿಟಿಗೆ ಬಂದಾಗ ನೋಡಿದ್ರಾಯ್ತು ಬಿಡು.’ ಇವುಗಳಲ್ಲಿ ಕಲೆಯ ಗುಣಮಟ್ಟದ ಮಾತು ಕಡಿಮೆ. ಯಾರ ಜೊತೆ, ಎಲ್ಲಿ, ಎಷ್ಟು ಕೊಟ್ಟು, ಯಾವ ಮನಸ್ಥಿತಿಯಲ್ಲಿ ಅನ್ನುವುದೇ ಹೆಚ್ಚು. 2024ರ ಆಗಸ್ಟ್‌ನಲ್ಲಿ ಒಂದು ವಾರದ ಅಂತರದಲ್ಲಿ ದುನಿಯಾ ವಿಜಯ್ ಅವರ ‘ಭೀಮ’, ಗಣೇಶ್ ನಟಿಸಿದ ‘ಕೃಷ್ಣಂ ಪ್ರಣಯ ಸಖಿ’ ಬಂದವು. ಮೊದಲನೆಯದು ‘ಎ’ ಪ್ರಮಾಣಪತ್ರದ, ರಕ್ತ ಮತ್ತು ಬೈಗುಳದ ಚಿತ್ರ. ಎರಡನೆಯದು ಹಾಡು, ಮದುವೆ, ದೊಡ್ಡ ಮನೆಯ ಚಿತ್ರ. ಅದಕ್ಕೂ ಮೊದಲು ಹಲವು ತಿಂಗಳು ಕನ್ನಡ ಚಿತ್ರಗಳಿಗೆ ಜನರೇ ಇಲ್ಲ ಎಂದು ಚಿತ್ರಮಂದಿರಗಳವರು ಗೋಳಾಡುತ್ತಿದ್ದರು. ಎರಡೂ ಒಟ್ಟೊಟ್ಟಿಗೆ ಓಡಿದವು. ಯಾವುದು ಉತ್ತಮ ಎಂದು ಪ್ರೇಕ್ಷಕರು ತಲೆ ಕೆಡಿಸಿಕೊಂಡ ಹಾಗೆ ಕಾಣಲಿಲ್ಲ, ಯಾವುದು ಯಾರಿಗೆ ಎಂದು ತಾವೇ ಹಂಚಿಬಿಟ್ಟರು. ಐದಕ್ಕೆ ಮೂರೂವರೆ ನಕ್ಷತ್ರ ಕೊಡುವ ಯಾವ ಪದ್ಧತಿಯೂ ಈ ಹಂಚಿಕೆಯನ್ನು ಮಾಡಲಾರದು, ಏಕೆಂದರೆ ನಕ್ಷತ್ರಕ್ಕೆ ಕೇಳುತ್ತಿರುವವರು ಯಾರೆಂದು ಗೊತ್ತಿರುವುದಿಲ್ಲ.

ಇದೆಲ್ಲ ಚೆಂದದ ಊಹೆ ಅಷ್ಟೇ, ಬಾಯಿಮಾತಿಗೆ ಅಷ್ಟು ಬಲ ಇದೆ ಅನ್ನುವುದಕ್ಕೆ ಪುರಾವೆ ಎಲ್ಲಿ ಎಂದು ಕೇಳಬಹುದು. ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಅಳೆಯಲು ಹೊರಟಿತ್ತು. 1980ರ ದಶಕದ ಆರಂಭದಿಂದ 2000ದವರೆಗೆ ಅಮೆರಿಕದಲ್ಲಿ ಬಿಡುಗಡೆಯಾದ ಸಾವಿರಾರು ಚಿತ್ರಗಳ ಲೆಕ್ಕ ಅವರ ಮುಂದಿತ್ತು. ಒಂದು ಚಿತ್ರಕ್ಕೆ ಎಷ್ಟು ಪರದೆ ಸಿಕ್ಕಿತು ಅನ್ನುವುದರಿಂದ ಮಾರುಕಟ್ಟೆ ಅದರ ಮೇಲೆ ಇಟ್ಟ ನಿರೀಕ್ಷೆ ತಿಳಿಯುತ್ತದೆ. ಮೊದಲ ವಾರಾಂತ್ಯದ ಗಳಿಕೆ ಆ ನಿರೀಕ್ಷೆಯನ್ನು ಮೀರಿದರೆ ಅದು ಅಚ್ಚರಿ. ಅಂಥ ಅಚ್ಚರಿಯ ಚಿತ್ರಗಳು ಮುಂದಿನ ವಾರಗಳಲ್ಲಿ ಉಳಿದವಕ್ಕಿಂತ ನಿಧಾನವಾಗಿ ಇಳಿಯುತ್ತವೆ, ನಿರೀಕ್ಷೆ ಮುಟ್ಟದವು ಬೇಗ ಕುಸಿಯುತ್ತವೆ, ಅಂತರ ವಾರದಿಂದ ವಾರಕ್ಕೆ ಹಿಗ್ಗುತ್ತದೆ ಎಂದು ಅವರು ಕಂಡರು. ನನಗೆ ಇನ್ನೂ ರುಚಿಸಿದ್ದು ಮುಂದಿನ ಪರೀಕ್ಷೆ. ಮೊದಲ ವಾರಾಂತ್ಯದ ಗಳಿಕೆ ಹವಾಮಾನದ ಕಾರಣಕ್ಕೆ ಏರುಪೇರಾಗಿದ್ದರೆ ಆ ಪರಿಣಾಮ ಮುಂದಿನ ವಾರಗಳಿಗೆ ಹರಡುವುದಿಲ್ಲ. ಮಳೆ ಬಂದು ಜನ ಬರಲಿಲ್ಲ ಅಂದರೆ ಆ ಚಿತ್ರದ ಗುಣದ ಬಗ್ಗೆ ಯಾರಿಗೂ ಹೊಸದೇನೂ ತಿಳಿಯಲಿಲ್ಲ ಎಂದರ್ಥ. ಜನ ಬರೀ ಜನಜಂಗುಳಿ ನೋಡಿ ಹಿಂಬಾಲಿಸುವುದಾಗಿದ್ದರೆ ಮಳೆಯ ನಷ್ಟವೂ ವಾರಗಟ್ಟಲೆ ಹರಡಬೇಕಿತ್ತು. ಹರಡದೆ ಉಳಿದದ್ದರಿಂದ, ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದರಲ್ಲಿ ಚಿತ್ರದ ಬಗೆಗಿನ ನಿಜವಾದ ಮಾಹಿತಿ ಇದೆ ಎಂದು ಹೇಳಬಹುದು. ಮುಂಗಾರಿನ ನಡುವೆ ಬಿಡುಗಡೆಯಾದ ‘ಸು ಫ್ರಮ್ ಸೋ’ದ ಮೂರು ದಿನಗಳ ಅಂಕಿಯನ್ನು ಈ ಬೆಳಕಿನಲ್ಲಿ ನೋಡಬೇಕು.

ಮಾತಿಗೆ ಹರಡಲು ದಿನಗಳು ಬೇಕು. ಹಿಂದೆ ಆ ದಿನಗಳು ಧಾರಾಳವಾಗಿದ್ದವು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಒಂದು ಊರಿನವರು ನೋಡಿ ಹೇಳಿ, ಮತ್ತೊಂದು ಊರಿನವರು ಬಸ್ಸು ಹತ್ತಿ ಬಂದು ನೋಡುವಷ್ಟು ಪುರುಸೊತ್ತು ಆಗ ಚಿತ್ರಕ್ಕೂ ಇತ್ತು, ಮಾತಿಗೂ ಇತ್ತು. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಇನ್ನೊಂದು ಬಗೆಯದು. ಗಣೇಶ್ ಆಗ ಕಿರುತೆರೆಯಿಂದ ಬಂದ ಹುಡುಗ, ನಾಯಕಿ ಕನ್ನಡಕ್ಕೆ ಹೊಸಬರು, ಕೊನೆಗೆ ಪ್ರೇಮಿಗಳು ಒಂದಾಗುವುದೂ ಇಲ್ಲ. ನಿಧಾನಕ್ಕೆ ಏರಿದ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಅದರಲ್ಲಿ ಮನೋಮೂರ್ತಿ ಅವರ ಹಾಡುಗಳ ಪಾಲು ದೊಡ್ಡದು. ಹಾಡು ಆಗ ಚಿತ್ರದ ಬಗೆಗಿನ ಮಾತನ್ನು ಎಫ್‌ಎಂನಲ್ಲಿ, ಆಟೊದಲ್ಲಿ, ಮದುವೆಮನೆಯಲ್ಲಿ ತಾನೇ ಹೊತ್ತು ತಿರುಗುತ್ತಿತ್ತು. ಜನರ ಬಾಯಿಗೆ ಅದು ಬೀಳುವವರೆಗೆ ಪರದೆ ಕಾದಿತ್ತು ಅನ್ನುವುದನ್ನೂ ಮರೆಯಬಾರದು.

2015ರ ಜುಲೈ 3ರಂದು ಬಂದ ‘ರಂಗಿತರಂಗ’ಕ್ಕೆ ಈ ಕಾಯುವಿಕೆ ಸುಲಭಕ್ಕೆ ಸಿಗಲಿಲ್ಲ. ಅನೂಪ್ ಭಂಡಾರಿ ಅವರ ಮೊದಲ ಚಿತ್ರ, ಅವರ ತಮ್ಮ ನಿರೂಪ್‌ಗೂ ಮೊದಲ ಚಿತ್ರ. ಎರಡನೆಯ ಶುಕ್ರವಾರ ‘ಬಾಹುಬಲಿ’ ಬಂತು, ಮೂರನೆಯ ಶುಕ್ರವಾರ ‘ಬಜರಂಗಿ ಭಾಯಿಜಾನ್’. ಜನ ತುಂಬುತ್ತಿದ್ದಾಗಲೇ ಷೋಗಳು ಕಡಿತವಾಗತೊಡಗಿದವು. ನೋಡಿದವರು, ನೋಡಬೇಕೆಂದಿದ್ದವರು ಜಾಲತಾಣಗಳಲ್ಲಿ ಗಲಾಟೆ ಎಬ್ಬಿಸಿದ ಮೇಲೆ ಅದು ಉಳಿದುಕೊಂಡಿತು, ತಿಂಗಳುಗಟ್ಟಲೆ ಓಡಿತು, ಅಮೆರಿಕದ ಕನ್ನಡಿಗರಿಗೂ ತಲುಪಿತು. ಇಲ್ಲಿ ಸಾಮಾನ್ಯ ಪ್ರೇಕ್ಷಕ ಅಭಿಪ್ರಾಯ ಹೇಳಿ ಸುಮ್ಮನಾಗಲಿಲ್ಲ, ತಾನು ಸಲಹೆ ಕೊಟ್ಟವನಿಗೆ ನೋಡಲು ಪರದೆ ಇರಲಿ ಎಂದು ಜಗಳಕ್ಕೂ ನಿಂತ. ‘ಕಾಂತಾರ’ದ ಕತೆಯಲ್ಲೂ ಇದೇ ಗುಣ ಇದೆ. 2022ರ ಸೆಪ್ಟೆಂಬರ್ 30ರಂದು ಅದು ಕನ್ನಡದಲ್ಲಷ್ಟೇ ಬಂತು. ಹಿಂದಿ ಅವತರಣಿಕೆ ಬರಲು ಎರಡು ವಾರ ಬೇಕಾಯಿತು. ಆ ಎರಡು ವಾರ ಹೊರ ರಾಜ್ಯಗಳ ಕನ್ನಡಿಗರು ತಮ್ಮ ಜೊತೆ ಕೆಲಸ ಮಾಡುವವರನ್ನು ಎಳೆದುಕೊಂಡು ಹೋಗಿ ಕನ್ನಡದಲ್ಲೇ ತೋರಿಸಿದರು. ಮುಂಬೈ, ಹೈದರಾಬಾದಿನ ಜಾಹೀರಾತು ಫಲಕಗಳು ಮಾಡಬೇಕಾದ ಕೆಲಸವನ್ನು ಅವರು ಬಿಟ್ಟಿಯಾಗಿ ಮಾಡಿಕೊಟ್ಟರು.

ಅಮೆರಿಕದಲ್ಲಿ ಸಾಮಾನ್ಯ ಪ್ರೇಕ್ಷಕನನ್ನು ಕೇಳುವುದಕ್ಕೆಂದೇ ಒಂದು ಪದ್ಧತಿ ಇದೆ. 1970ರ ದಶಕದ ಕೊನೆಗೆ ಎಡ್ ಮಿಂಟ್ಜ್ ಎಂಬುವರು ಶುರು ಮಾಡಿದ ಸಿನಿಮಾಸ್ಕೋರ್ ಸಂಸ್ಥೆ ಬಿಡುಗಡೆಯ ದಿನ ಚಿತ್ರಮಂದಿರಗಳಲ್ಲಿ ಸಣ್ಣ ಕಾರ್ಡು ಹಂಚುತ್ತದೆ. ಪ್ರೇಕ್ಷಕರು ಎಯಿಂದ ಎಫ್‌ವರೆಗೆ ದರ್ಜೆ ಕೊಡುತ್ತಾರೆ, ವಯಸ್ಸು ಮತ್ತು ಬಂದ ಕಾರಣವನ್ನು ಗುರುತು ಹಾಕುತ್ತಾರೆ. ವಿಮರ್ಶಕರು ಹೊಗಳಿದ ಚಿತ್ರ ನೋಡಿ ನಿರಾಸೆಯಾದದ್ದೇ ಮಿಂಟ್ಜ್ ಅವರಿಗೆ ಇದನ್ನು ಕಟ್ಟಲು ಪ್ರೇರಣೆ. 2017ರಲ್ಲಿ ಡ್ಯಾರೆನ್ ಅರೊನೊಫ್ಸ್ಕಿ ಅವರ ‘ಮದರ್!’ ಚಿತ್ರಕ್ಕೆ ಎಫ್ ಬಂತು, ಹಲವು ವಿಮರ್ಶಕರು ಅದನ್ನೇ ಮೆಚ್ಚಿದ್ದರು. ಹಾಗಾದರೆ ಯಾರು ತಪ್ಪು? ಇಬ್ಬರೂ ಅಲ್ಲ ಅನ್ನಿಸುತ್ತದೆ. ಮೊದಲ ದಿನವೇ ಬಂದವರು ತಾರೆಯನ್ನು ನೋಡಿ, ಒಂದು ಬಗೆಯ ಭಯದ ಚಿತ್ರವನ್ನು ನಿರೀಕ್ಷಿಸಿ ಬಂದವರು. ಅವರಿಗೆ ಸಿಕ್ಕಿದ್ದು ಬೇರೆ. ಕಾರ್ಡಿನ ಮೇಲಿನ ಎಫ್ ಚಿತ್ರಕ್ಕೆ ಕೊಟ್ಟದ್ದು ಎಷ್ಟೋ, ಪೋಸ್ಟರಿಗೂ ಟ್ರೈಲರಿಗೂ ಕೊಟ್ಟದ್ದು ಅಷ್ಟೇ. ನಮ್ಮಲ್ಲೂ ‘ಅದು ಅಂಥ ಪಿಕ್ಚರ್ ಅಂದ್ಕೊಂಡಿರಲಿಲ್ಲ’ ಎಂದು ಬೈದುಕೊಂಡು ಹೊರಬರುವವರಲ್ಲಿ ಅರ್ಧ ಜನ ಬೈಯುವುದು ಪ್ರಚಾರ ಮಾಡಿದವರನ್ನು. ಪ್ರಚಾರದ ಖರ್ಚು ಕೊಟ್ಟವರು ಅದನ್ನು ಚಿತ್ರಕ್ಕೆ ಬಿದ್ದ ಬೈಗುಳ ಎಂದುಕೊಳ್ಳುತ್ತಾರೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಬಾಯಿಮಾತು ಅಂದರೆ ಕುರಿಮಂದೆ, ಒಂದು ಹಾರಿದರೆ ಎಲ್ಲವೂ ಹಾರುತ್ತವೆ ಅನ್ನುವುದು. ಇದರಲ್ಲಿ ಸತ್ಯಾಂಶ ಇದೆ, ಅದನ್ನು ಅಳೆದವರೂ ಇದ್ದಾರೆ. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಉಳಿದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂದು ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಬೇರೆ ಬೇರೆ ಗುಂಪು ಮಾಡಿ, ಪ್ರತಿ ಗುಂಪಿಗೂ ಅದರದೇ ಎಣಿಕೆಯನ್ನು ತೋರಿಸಿದರು. ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ಅಂತರ ದೊಡ್ಡದಾಯಿತು. ಒಂದು ಗುಂಪಿನಲ್ಲಿ ಮೇಲಿದ್ದ ಹಾಡು ಇನ್ನೊಂದರಲ್ಲಿ ಎಲ್ಲೋ ನಡುವೆ ಬಿದ್ದಿತ್ತು. ಆದರೂ ತುಂಬ ಒಳ್ಳೆಯವು ತೀರಾ ಕೆಳಗೆ ಹೋದದ್ದು ಅಪರೂಪ, ತೀರಾ ಸಾಧಾರಣವಾದವು ತುದಿಗೇರಿದ್ದೂ ಅಪರೂಪ. ಅದೃಷ್ಟದ ಆಟವೆಲ್ಲ ನಡುವಿನವುಗಳಲ್ಲಿ. ವರ್ಷಕ್ಕೆ ಇನ್ನೂರರ ಆಸುಪಾಸು ಬರುವ ಕನ್ನಡ ಚಿತ್ರಗಳಲ್ಲಿ ಬಹುಪಾಲು ಈ ನಡುವಿನವೇ ಎಂದು ಒಪ್ಪಿಕೊಂಡರೆ, ‘ನಮ್ಮದೂ ಚೆನ್ನಾಗಿತ್ತು, ಓಡಲಿಲ್ಲ’ ಎನ್ನುವ ನಿರ್ಮಾಪಕನ ಸಂಕಟ ಸುಳ್ಳಲ್ಲ ಅನ್ನಿಸುತ್ತದೆ. ಗಮನಿಸಬೇಕಾದದ್ದೆಂದರೆ, ಆ ಪ್ರಯೋಗದಲ್ಲಿ ಜನ ನೋಡಿದ್ದು ಬರೀ ಅಂಕಿಯನ್ನು. ಯಾರು ಯಾಕೆ ಇಷ್ಟಪಟ್ಟರು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಪರಿಚಯದವರ ಸಲಹೆಯಲ್ಲಿ ಅಂಕಿ ಇರುವುದಿಲ್ಲ, ಕಾರಣ ಇರುತ್ತದೆ. ಕುರಿಮಂದೆಯ ಆರೋಪ ಹೆಚ್ಚು ಒಪ್ಪುವುದು ‘ನೂರು ಕೋಟಿ ಕ್ಲಬ್’ ಎಂದು ಪೋಸ್ಟರ್ ಹೊಡೆಸುವವರಿಗೆ.

ಎರಡನೆಯ ಆಕ್ಷೇಪ ರುಚಿಯದು. ಸಾಮಾನ್ಯ ಪ್ರೇಕ್ಷಕನ ಮಾತೇ ನಡೆದರೆ ನಿಧಾನದ, ನೋವಿನ, ಹೊಸ ಬಗೆಯ ಚಿತ್ರಗಳಿಗೆ ಉಳಿವಿಲ್ಲ, ಎಲ್ಲ ಚಿತ್ರಗಳೂ ನಗಿಸಬೇಕು ಇಲ್ಲ ಹೊಡೆದಾಡಬೇಕು ಎಂದಾಗುತ್ತದೆ ಎಂಬುದು. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂದಾಗ ‘ಸ್ಲೋ’ ಅನ್ನುವ ಮಾತು ಧಾರಾಳವಾಗಿ ಕೇಳಿಬಂತು. ಅದೇ ಉಸಿರಿನಲ್ಲಿ ‘ಅಳು ಬರುತ್ತೆ, ಆದರೂ ಹೋಗು’ ಅನ್ನುವ ಸಲಹೆಯೂ ಬಂತು, ಪ್ರೇಮದ ವಯಸ್ಸಿನವರು ಅದನ್ನು ಎದೆಗೆ ಹಚ್ಚಿಕೊಂಡರು. ‘ಸ್ಲೋ’ ಅನ್ನುವುದು ಬೇಡ ಎಂಬ ಮಾತೇ ಆಗಬೇಕಿಲ್ಲ, ಎಷ್ಟೋ ಸಲ ಅದು ಪುರುಸೊತ್ತು ಮಾಡಿಕೊಂಡು ಹೋಗು ಅನ್ನುವ ಎಚ್ಚರಿಕೆ. ‘ತಿಥಿ’ಯನ್ನು ನೋಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರಿನವರನ್ನೇ ಪಾತ್ರಕ್ಕೆ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, 2016ರ ಮೇನಲ್ಲಿ ಇಲ್ಲಿ ಬಿಡುಗಡೆಯಾಯಿತು. ಹಿನ್ನೆಲೆ ಸಂಗೀತದ ಅಬ್ಬರವಿಲ್ಲ, ಗೊತ್ತಿರುವ ಮುಖವಿಲ್ಲ. ವಿದೇಶದ ಪ್ರಶಸ್ತಿ ಬಂದ ಚಿತ್ರ ಅನ್ನುವುದು ನಮ್ಮಲ್ಲಿ ಜನರನ್ನು ಓಡಿಸುವ ವಿಶೇಷಣ. ಆದರೂ ಅದು ಸಾಮಾನ್ಯ ಚಿತ್ರಮಂದಿರಗಳಲ್ಲಿ ಓಡಿತು, ಏಕೆಂದರೆ ನೋಡಿದವರು ಪ್ರಶಸ್ತಿಯ ಸುದ್ದಿ ಎತ್ತದೆ ‘ನಮ್ಮೂರ ಅಜ್ಜನ ಹಾಗೇ ಇದಾನೆ, ನಕ್ಕು ನಕ್ಕು ಸಾಕಾಯ್ತು’ ಎಂಬ ಧಾಟಿಯಲ್ಲಿ ಹೇಳಿದರು. ಹಾಗಂತ ವಿಮರ್ಶಕನಿಗೆ ಕೆಲಸವಿಲ್ಲ ಎನ್ನುತ್ತಿಲ್ಲ. ಹತ್ತು ವರ್ಷದ ನಂತರ ‘ತಿಥಿ’ ಯಾಕೆ ಮುಖ್ಯ ಎಂದು ಹೇಳಬೇಕಾದವನು ಅವನೇ. ಈ ಶನಿವಾರ ಸಂಜೆ ಅತ್ತೆಯನ್ನು ಕರೆದುಕೊಂಡು ಹೋಗಬಹುದೇ ಅನ್ನುವ ಪ್ರಶ್ನೆಗೆ ಮಾತ್ರ ಅವನ ಉತ್ತರ ಯಾರಿಗೂ ಬೇಡ, ಕೊಡಲು ಹೋದಾಗೆಲ್ಲ ಅವನೂ ಕೆಡುತ್ತಾನೆ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ಇವತ್ತು ಬಾಯಿಮಾತು ಅಂತ ನಾವು ಕರೆಯುವುದರಲ್ಲಿ ಎಷ್ಟೋ ಭಾಗ ದುಡ್ಡು ಕೊಟ್ಟು ಆಡಿಸಿದ್ದು, ಇನ್ನಷ್ಟು ಭಾಗ ದ್ವೇಷಕ್ಕೆ ಆಡಿದ್ದು, ಅದನ್ನು ನಂಬುವುದು ಹೇಗೆ ಎಂಬುದು. ಈ ದೂರು ನ್ಯಾಯಾಲಯಗಳ ಮೆಟ್ಟಿಲೇರಿದೆ. 2023ರಲ್ಲಿ ಮಲಯಾಳಂ ನಿರ್ದೇಶಕರೊಬ್ಬರ ಅರ್ಜಿಯ ಮೇಲೆ ಕೇರಳ ಹೈಕೋರ್ಟ್ ಈ ವಿಷಯ ಕೈಗೆತ್ತಿಕೊಂಡಿತು. ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಹಾಕದಿರಲಿ ಎಂದು ಸಲಹೆ ಮಾಡಿದರು. 2024ರ ನವೆಂಬರಿನಲ್ಲಿ ತಮಿಳು ನಿರ್ಮಾಪಕರ ಸಂಘ, ಚಿತ್ರಮಂದಿರದ ಆವರಣದಲ್ಲಿ ಯೂಟ್ಯೂಬ್ ಚಾನೆಲ್‌ಗಳಿಗೆ ಪ್ರೇಕ್ಷಕರ ಅಭಿಪ್ರಾಯ ಕೇಳಲು ಬಿಡಬಾರದೆಂದು ಮಾಲೀಕರನ್ನು ಕೋರಿತು. ಮೊದಲ ಮೂರು ದಿನ ವಿಮರ್ಶೆಯನ್ನೇ ತಡೆಯಿರಿ ಎಂಬ ಮನವಿಗೆ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಟಿಕೆಟ್ ಕಾಯ್ದಿರಿಸುವ ತಾಣದಲ್ಲಿ ರೇಟಿಂಗ್ ಕಾಣದಂತೆ ನ್ಯಾಯಾಲಯದಿಂದ ಆದೇಶ ತರುವ ಪರಿಪಾಠವೂ ಈಚೆಗೆ ಶುರುವಾಗಿದೆ.

ನಿರ್ಮಾಪಕರ ಭಯ ನನಗೆ ಅರ್ಥವಾಗುತ್ತದೆ, ಮದ್ದು ತಪ್ಪು ಎಂದು ತೋರುತ್ತದೆ. ಚಿತ್ರಮಂದಿರದ ಬಾಗಿಲಲ್ಲಿ ಮೈಕ್ ಮುಂದೆ ‘ಬೆಂಕಿ ಗುರು, ಹತ್ತಕ್ಕೆ ಹತ್ತು’ ಎಂದು ಕೂಗುವ ಹುಡುಗ ಯಾರಿಗೂ ಸಲಹೆ ಕೊಡುತ್ತಿಲ್ಲ, ಕ್ಯಾಮೆರಾಗೆ ತನ್ನ ನಿಷ್ಠೆ ತೋರಿಸುತ್ತಿದ್ದಾನೆ. ಎದುರಾಳಿ ಹೀರೋನ ಚಿತ್ರಕ್ಕೆ ನೋಡದೆಯೇ ಒಂದು ನಕ್ಷತ್ರ ಒತ್ತುವವನದೂ ಅದೇ ನಿಷ್ಠೆ, ಮುಖ ಮಾತ್ರ ಆಚೆ ಕಡೆಗೆ. ಜನ ಇದನ್ನು ತಿಳಿಯದವರಲ್ಲ. ಮೈಕ್ ಮುಂದಿನ ಮಾತು ಕೇಳಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಡುವವರು ಕಡಿಮೆ, ಹೆಚ್ಚಿನವರು ಆಮೇಲೂ ಪಕ್ಕದ ಮನೆಯವರನ್ನೋ ಆಫೀಸಿನ ಗೆಳತಿಯನ್ನೋ ಕೇಳುತ್ತಾರೆ. ಸಾಲ್ಗನಿಕ್ ಮತ್ತು ವಾಟ್ಸ್ 2008ರಲ್ಲಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಈ ಸಲ ಎಣಿಕೆಯನ್ನೇ ತಿರುಗುಮುರುಗು ಮಾಡಿ, ಸೋತ ಹಾಡನ್ನು ಗೆದ್ದದ್ದೆಂದು ತೋರಿಸಿದ್ದರು. ಸುಳ್ಳು ಸಾಕಷ್ಟು ಕೆಲಸ ಮಾಡಿತು, ನಿಜ. ಆದರೆ ನಿಜಕ್ಕೂ ಅತ್ಯುತ್ತಮವಾದ ಹಾಡುಗಳು ಕಾಲಕ್ರಮದಲ್ಲಿ ಮೇಲೆ ಬಂದವು. ನಮ್ಮ ಚಿತ್ರರಂಗ ಓದಿಕೊಳ್ಳಬೇಕಾದ ಇನ್ನೊಂದು ಫಲಿತಾಂಶವೂ ಅದರಲ್ಲಿತ್ತು. ಎಣಿಕೆ ಸುಳ್ಳಾಗಿದ್ದ ಕಡೆ ಜನ ಒಟ್ಟಾರೆಯಾಗಿಯೇ ಕಡಿಮೆ ಹಾಡು ಇಳಿಸಿಕೊಂಡರು. ಮೇಲಿದ್ದದ್ದನ್ನು ಕೇಳಿ ನಿರಾಸೆಯಾದವರು ಉಳಿದವನ್ನು ಕೇಳುವ ಗೋಜಿಗೇ ಹೋಗಿರಲಿಕ್ಕಿಲ್ಲ. ಒಂದು ಚಿತ್ರದ ಸುಳ್ಳು ಹೊಗಳಿಕೆಗೆ ದಂಡ ತೆರುವುದು ಮುಂದಿನ ಶುಕ್ರವಾರದ ಇನ್ಯಾರದೋ ಚಿತ್ರ.

ಇನ್ನು ಬರಲಿರುವ ಚಿತ್ರಗಳ ಬಗ್ಗೆ ಜನ ಆಡುವ ಮಾತು. ಟೀಸರ್ ಬಂದ ಗಂಟೆಯೊಳಗೆ ‘ಇದು ಪಕ್ಕಾ ಹಿಟ್’, ‘ಇದು ತೋಪು’ ಎಂದು ತೀರ್ಮಾನ ಆಗಿಬಿಡುತ್ತದೆ. ಇದನ್ನು ಭವಿಷ್ಯವಾಣಿ ಎಂದು ಹಿಡಿದರೆ ನಗು ಬರುತ್ತದೆ. ಹಿಂದಿನ ಸಾಲದ ಲೆಕ್ಕ ಎಂದು ಹಿಡಿದರೆ ಅದರಲ್ಲಿ ಅರ್ಥ ಇದೆ. ಮೊದಲ ಚಿತ್ರ ಮೆಚ್ಚಿದವರು ‘ಕೆಜಿಎಫ್’ನ ಎರಡನೆಯ ಅಧ್ಯಾಯಕ್ಕೆ, ‘ಕಾಂತಾರ’ದ ‘ಚಾಪ್ಟರ್ 1’ಕ್ಕೆ ಯಾರನ್ನೂ ಕೇಳದೆ ಮುಂಗಡ ಟಿಕೆಟ್ ತೆಗೆದರು. ಮುಂದುವರಿದ ಭಾಗಗಳ ವಿಷಯದಲ್ಲಿ ಬಾಯಿಮಾತಿನ ಪ್ರಭಾವ ಕಡಿಮೆ ಎಂದು ಮೊರೆಟ್ಟಿ ಅವರ ಅಧ್ಯಯನವೂ ಹೇಳುತ್ತದೆ, ಏಕೆಂದರೆ ಏನು ಸಿಗಬಹುದೆಂದು ಜನರಿಗೆ ಮೊದಲೇ ಅಂದಾಜು ಇರುತ್ತದೆ. ಆ ನಂಬಿಕೆ ತಾರೆಯ ಮೇಲಷ್ಟೇ ಅಲ್ಲ, ನಿರ್ಮಾಪಕನ ಮೇಲೂ ಕೂತುಕೊಳ್ಳಬಲ್ಲದು. 2017ರ ‘ಒಂದು ಮೊಟ್ಟೆಯ ಕಥೆ’, 2021ರ ‘ಗರುಡ ಗಮನ ವೃಷಭ ವಾಹನ’ ನೋಡಿದವರಿಗೆ ‘ಸು ಫ್ರಮ್ ಸೋ’ ಪೋಸ್ಟರಿನಲ್ಲಿ ಅವುಗಳನ್ನು ನಿರ್ದೇಶಿಸಿದ ರಾಜ್ ಬಿ. ಶೆಟ್ಟಿ ಹೆಸರು ಒಂದು ಜಾಮೀನು. ಇನ್ನೂ ಮುಂದೆ ಹೋದವರೂ ಇದ್ದಾರೆ. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಬಂಡವಾಳ ಎತ್ತಿದರು. ತೇಜಸ್ವಿಯವರ ಕತೆಯನ್ನಾಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ತೇಜಸ್ವಿ ಓದುಗರು ಹಣ ಹಾಕಿದರು. ಬರಲಿರುವ ಚಿತ್ರದ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳುವುದರಲ್ಲಿ ಇದಕ್ಕಿಂತ ಗಂಭೀರವಾದ ರೀತಿ ಇನ್ನೊಂದಿರಲಾರದು.

ಹೊಸಬರ ಚಿತ್ರಕ್ಕೆ ಇಂಥ ಜಾಮೀನು ಇರುವುದಿಲ್ಲ, ಅದರ ಪಾಲಿಗೆ ಇರುವುದು ಬಿಡುಗಡೆಯ ನಂತರದ ಮಾತೊಂದೇ. ಕಷ್ಟ ಇರುವುದು ಅಲ್ಲಿ. ಮಲ್ಟಿಪ್ಲೆಕ್ಸ್‌ನಲ್ಲಿ ನಾಲ್ಕು ಜನರ ಸಂಸಾರವೊಂದು ಸಿನಿಮಾ ನೋಡಿ, ಪಾಪ್‌ಕಾರ್ನ್ ತಿಂದು ಬರುವ ಹೊತ್ತಿಗೆ ತಿಂಗಳ ದಿನಸಿಯ ಒಂದು ಭಾಗ ಖಾಲಿ. ದರ ಏರಿದಷ್ಟೂ ಜನ ಎಚ್ಚರವಾಗುತ್ತಾರೆ, ಎಚ್ಚರವಾದಷ್ಟೂ ಬೇರೆಯವರು ನೋಡಿ ಹೇಳಲಿ ಎಂದು ಕಾಯುತ್ತಾರೆ. ಎಲ್ಲರೂ ಕಾದರೆ ಹೇಳುವವರು ಯಾರು? ಶುಕ್ರವಾರ ಸೀಟು ಖಾಲಿ ಕಂಡ ಚಿತ್ರಮಂದಿರ ಸೋಮವಾರಕ್ಕೆ ಷೋ ಕಡಿಮೆ ಮಾಡುತ್ತದೆ, ಉಳಿಯುವುದು ಯಾರೂ ಹೋಗಲಾಗದ ಬೆಳಗಿನ ಹತ್ತೂವರೆಯ ಆಟ. ಸಲಹೆ ಕಿವಿಗೆ ಬೀಳುವ ಹೊತ್ತಿಗೆ ಪಿಕ್ಚರ್ ಎತ್ತಿರುತ್ತಾರೆ. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುವ ಪ್ರಯತ್ನ ಕರ್ನಾಟಕದಲ್ಲಿ 2017ರಲ್ಲೂ ನಡೆದಿತ್ತು, 2025ರ ಸೆಪ್ಟೆಂಬರಿನಲ್ಲಿ ನಿಯಮವೇ ಜಾರಿಗೆ ಬಂದು ಅದೇ ತಿಂಗಳು ಹೈಕೋರ್ಟಿನ ತಡೆ ಕಂಡಿತು. ದರ ಯಾರು ನಿಗದಿ ಮಾಡಬೇಕು ಅನ್ನುವ ಕಾನೂನಿನ ತಕರಾರು ಬೇರೆ. ಪ್ರೇಕ್ಷಕರ ಮಾತಿನ ದೃಷ್ಟಿಯಿಂದ ನೋಡಿದರೆ, ಎಲ್ಲ ಚಿತ್ರಕ್ಕೂ ಒಂದೇ ಮಿತಿ ಹಾಕುವುದಕ್ಕಿಂತ ಹೊಸಬರ ಚಿತ್ರದ ಮೊದಲ ಎರಡು ದಿನ ಟಿಕೆಟ್ ಅಗ್ಗ ಮಾಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮೊದಲು ನೋಡುವವನು ಉಳಿದವರ ಪರವಾಗಿ ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾನೆ, ಆ ಅಪಾಯಕ್ಕೆ ರಿಯಾಯಿತಿ ಇರಬೇಕು. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ, ಮೊದಲ ದಿನವೇ ದರ ಏರಿಸುತ್ತಾರೆ.

ಬಿಡುಗಡೆಗೆ ಮೊದಲೇ ಹಣ ಕೊಟ್ಟು ನೋಡುವ ಪ್ರದರ್ಶನಗಳು ಈ ಗಂಟನ್ನು ಸ್ವಲ್ಪ ಸಡಿಲಿಸಿವೆ. 2022ರಲ್ಲಿ ‘777 ಚಾರ್ಲಿ’ ದೇಶದ ಹಲವು ನಗರಗಳಲ್ಲಿ ಹೀಗೆ ಮೊದಲೇ ಕಾಣಿಸಿಕೊಂಡಿತು, ‘ಸು ಫ್ರಮ್ ಸೋ’ ಕೂಡ ಶುಕ್ರವಾರಕ್ಕೆ ಮುಂಚೆ ಕರಾವಳಿ ಮತ್ತಿತರ ಕಡೆ ಜನರ ಮುಂದೆ ಬಂದಿತ್ತು. ಬೆಂಗಳೂರಿನ ಮಾಲ್‌ನಲ್ಲಿ ಚಿತ್ರರಂಗದ ಮಂದಿಗೆ ತೋರಿಸಿ, ಹೊರಗೆ ನಿಲ್ಲಿಸಿ ಹೊಗಳಿಸುವ ಸೆಲೆಬ್ರಿಟಿ ಷೋಗಿಂತ ಇದು ಎಷ್ಟೋ ಮೇಲು. ಅಲ್ಲಿ ಬಂದವರು ಬಿಟ್ಟಿ ನೋಡಿದವರು, ನಾಳೆ ತಮ್ಮ ಚಿತ್ರಕ್ಕೂ ಹೊಗಳಿಕೆ ಬೇಕಾದವರು. ಇಲ್ಲಿ ಬಂದವರು ಜೇಬಿನಿಂದ ಕೊಟ್ಟವರು, ಮಾರನೆಯ ದಿನ ಅಂಗಡಿಯಲ್ಲೋ ಸ್ಟಾಫ್ ರೂಮಿನಲ್ಲೋ ಬಸ್ಸಿನಲ್ಲೋ ಯಾರಾದರೂ ಕೇಳಿದಾಗ ಮಾತು ಆಡಬೇಕಾದವರು. ಶಿವಮೊಗ್ಗ, ಹಾಸನ, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಬುಧವಾರ, ಗುರುವಾರ ತಲಾ ಎರಡು ಆಟ ಹಾಕುವ ಖರ್ಚು ಮೆಜೆಸ್ಟಿಕ್ಕಿನ ಒಂದು ದೊಡ್ಡ ಕಟೌಟಿನ ಖರ್ಚಿಗಿಂತ ಹೆಚ್ಚಾಗಲಾರದು. ಚಿತ್ರ ಚೆನ್ನಾಗಿಲ್ಲದಿದ್ದರೆ ಶುಕ್ರವಾರ ಮುಳುಗುವುದು ಗುರುವಾರವೇ ಮುಳುಗುತ್ತದೆ ಎಂಬ ಹೆದರಿಕೆ ನಿರ್ಮಾಪಕರಿಗೆ ಇದ್ದೇ ಇರುತ್ತದೆ. ಅಂಥ ಹೆದರಿಕೆ ಇರುವ ಚಿತ್ರಕ್ಕೆ ಕಟೌಟೇ ಸರಿ.